ಓದುಗರ ಪ್ರಶ್ನೆಗೆ ಉತ್ತರ: ಹಾಸ್ಯ ಗೀತನಾಟಕ ಮತ್ತು ವಿದ್ಯಾರ್ಥಿ ಕಲಾವಿದರು

ಪ್ರಶ್ನೆ: ನನ್ನ ಮಗಳು ಕೇಂಬ್ರಿಜ್‌ನಲ್ಲಿ ಗಣಿತ ಓದುತ್ತಿದ್ದಾಳೆ. ಅಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಅವರ ಗೀತನಾಟಕಗಳನ್ನು ಆಡುವ ವಿದ್ಯಾರ್ಥಿ ಸಂಘಕ್ಕೆ ಸೇರಿ, ‘ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್’ ನಾಟಕದ ಮೇಳದಲ್ಲಿ ಹಾಡುತ್ತಿದ್ದಾಳೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು. ಇದು ಬರೀ ಕಾಲೇಜು ತಮಾಷೆಯೇ, ಕಲಿಯುವಂಥದ್ದೇನಾದರೂ ಇದೆಯೇ? ಅವಳ ಶಾರೀರ ಕೆಡುವುದಿಲ್ಲವೇ?
— ಒಬ್ಬ ತಾಯಿ, ಮೈಸೂರು

ಉತ್ತರ: ಕಲಿಯುವುದು ಬೇಕಾದಷ್ಟಿದೆ. ಸಾಹಿತ್ಯ ರಚಿಸಿದ ಡಬ್ಲ್ಯೂ. ಎಸ್. ಗಿಲ್ಬರ್ಟ್ ಮತ್ತು ಸಂಗೀತ ನೀಡಿದ ಆರ್ಥರ್ ಸಲಿವನ್ ಸೇರಿ 1871ರಿಂದ 1896ರವರೆಗೆ ಹದಿನಾಲ್ಕು ಹಾಸ್ಯ ಗೀತನಾಟಕಗಳನ್ನು ಕಟ್ಟಿದರು. ಅವುಗಳನ್ನು ರಂಗಕ್ಕೆ ತಂದ ರಿಚರ್ಡ್ ಡಾಯ್ಲಿ ಕಾರ್ಟ್ 1881ರಲ್ಲಿ ಲಂಡನ್ನಿನಲ್ಲಿ ಸವಾಯ್ ಥಿಯೇಟರ್ ಕಟ್ಟಿಸಿದ್ದರಿಂದ ಇವಕ್ಕೆ ಸವಾಯ್ ಆಪೆರಾಗಳೆಂಬ ಹೆಸರೂ ಬಂತು. ಇವು ಹುಟ್ಟಿದ್ದೇ ದೊಡ್ಡ ಆಪೆರಾ ಗಾಯಕರಿಗಾಗಿ ಅಲ್ಲ. 1877ರ ‘ದಿ ಸಾರ್ಸರರ್’ ನಾಟಕದ ಮುಖ್ಯ ಹಾಸ್ಯ ಪಾತ್ರಕ್ಕೆ ಅವರು ಆರಿಸಿದ ಜಾರ್ಜ್ ಗ್ರಾಸ್‌ಮಿತ್, ಪಿಯಾನೊ ಮುಂದೆ ಕುಳಿತು ನಗೆಹಾಡು ಹಾಡಿ ರಂಜಿಸುತ್ತಿದ್ದವರು. ಕಂಠದ ಗಾತ್ರಕ್ಕಿಂತ ಮಾತಿನ ಸ್ಪಷ್ಟತೆ ಮುಖ್ಯವಾದ್ದರಿಂದ, ಹಾಡಿನ ಒಂದು ಅಕ್ಷರವೂ ಮುಚ್ಚಿಹೋಗದಂತೆ ಸಲಿವನ್ ವಾದ್ಯವೃಂದವನ್ನು ಹಗುರವಾಗಿ ಇಟ್ಟರು. ಇಪ್ಪತ್ತರ ವಯಸ್ಸಿನ, ಇನ್ನೂ ಪೂರ್ತಿ ಬಲಿಯದ ಕಂಠಕ್ಕೆ ಇದು ಹೇಳಿ ಮಾಡಿಸಿದ ಸಂಗೀತ ಎಂಬುದು ನನ್ನ ಅಭಿಪ್ರಾಯ.

ವಿದ್ಯಾರ್ಥಿ ಸಂಘಗಳನ್ನು ಹಗುರವಾಗಿ ಕಾಣುವುದೂ ಸರಿಯಲ್ಲ. ಗಿಲ್ಬರ್ಟ್ 1911ರಲ್ಲಿ ತೀರಿಕೊಂಡ ಮೇಲೆ ಐವತ್ತು ವರ್ಷ, ಅಂದರೆ 1961ರ ಕೊನೆಯವರೆಗೆ, ಬ್ರಿಟನ್ನಿನಲ್ಲಿ ಇವನ್ನು ವೃತ್ತಿಪರವಾಗಿ ಆಡುವ ಹಕ್ಕು ಡಾಯ್ಲಿ ಕಾರ್ಟ್ ಕಂಪನಿಯ ಕೈಯಲ್ಲೇ ಇತ್ತು. ಹವ್ಯಾಸಿಗಳು ಪರವಾನಗಿ ಪಡೆದು ಆಡುತ್ತಿದ್ದರು. 1982ರಲ್ಲಿ ಆ ಹಳೆಯ ಕಂಪನಿಯೇ ಬಾಗಿಲು ಮುಚ್ಚಿದಾಗಲೂ ಈ ನಾಟಕಗಳು ರಂಗದ ಮೇಲೆ ಉಳಿದದ್ದಕ್ಕೆ ಹವ್ಯಾಸಿ ತಂಡಗಳ ಪಾಲು ದೊಡ್ಡದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಘ 1947ರಿಂದ, ಹಾರ್ವರ್ಡಿನ ತಂಡ 1956ರಿಂದ ನಡೆದುಬಂದಿವೆ. ಇಂಥ ಸಂಘಗಳಲ್ಲಿ ಹಾಡುವವರು ಮಾತ್ರವಲ್ಲ, ನಿರ್ದೇಶನ ಮಾಡುವವರು, ವಾದ್ಯವೃಂದ ನಡೆಸುವವರು, ಉಡುಪು ಹೊಲಿಯುವವರು, ಲೆಕ್ಕ ಬರೆಯುವವರು ಸಾಮಾನ್ಯವಾಗಿ ವಿದ್ಯಾರ್ಥಿಗಳೇ. ಕೇಂಬ್ರಿಜ್‌ನ ಟರ್ಮ್ ಎಂಟೇ ವಾರದ್ದಾದ್ದರಿಂದ ಪ್ರದರ್ಶನದ ಹಿಂದುಮುಂದಿನ ದಿನಗಳು ಬಿಗಿಯಾಗಿರುತ್ತವೆ. ಮೊದಲ ವರ್ಷ ಮೇಳದಲ್ಲಿ ಹಾಡಿಕೊಂಡಿದ್ದು, ಪಾಠದ ಹೊರೆ ಗೊತ್ತಾದ ಮೇಲೆ ದೊಡ್ಡ ಪಾತ್ರಕ್ಕೆ ಆಡಿಷನ್ ಕೊಡುವುದು ಒಳ್ಳೆಯದು.

ಶಾರೀರದ ವಿಷಯದಲ್ಲಿ ಆತಂಕ ಬೇಡ, ಆದರೆ ಎರಡು ಅಭ್ಯಾಸಗಳು ಅವಳಿಗೆ ಹೊಸದು. ಗಮಕವಿಲ್ಲದೆ ಸ್ವರವನ್ನು ನೇರವಾಗಿ ನಿಲ್ಲಿಸಬೇಕು. ಪಕ್ಕದವರು ಬೇರೆ ಸ್ವರ ಹಿಡಿದಿರುವಾಗ ತನ್ನದನ್ನು ಬಿಡಬಾರದು. ಲಯದಲ್ಲಂತೂ ಅವಳ ಕಲಿಕೆ ನೇರವಾಗಿ ಕೈಹಿಡಿಯುತ್ತದೆ. ಅವಳು ಹಾಡುತ್ತಿರುವ ‘ಪೈರೇಟ್ಸ್’ ನಾಟಕದ ಮೊದಲ ಅಂಕದಲ್ಲಿ ಫ್ರೆಡರಿಕ್ ಮತ್ತು ಮೇಬಲ್ ಪ್ರೇಮದಲ್ಲಿ ಮುಳುಗಿರುವಾಗ, ಅವರಿಗೆ ಮುಜುಗರವಾಗದಿರಲೆಂದು ಮೇಬಲ್‌ಳ ಸೋದರಿಯರು ಹವಾಮಾನದ ವಿಷಯವನ್ನು ಪಟಪಟನೆ ಹರಟತೊಡಗುತ್ತಾರೆ, ಕಿವಿಯನ್ನು ಮಾತ್ರ ಪ್ರೇಮಿಗಳ ಕಡೆಗೇ ಇಟ್ಟಿರುತ್ತಾರೆ. ಹರಟೆ ಎರಡರ ಎಣಿಕೆಯಲ್ಲಿ, ಪ್ರೇಮಗೀತೆ ಮೂರರ ಎಣಿಕೆಯ ವಾಲ್ಟ್ಸ್‌ನಲ್ಲಿ, ಕೊನೆಗೆ ಎರಡೂ ಒಟ್ಟಿಗೆ. ನಾಲ್ಕರ ಎಣಿಕೆಯ ಚತುರಶ್ರ, ಮೂರರ ಎಣಿಕೆಯ ತಿಶ್ರ ನಡೆಗಳನ್ನು ಕೈಯಲ್ಲಿ ಹಾಕಿ ಬೆಳೆದ ಹುಡುಗಿಗೆ ಈ ಜಾಗ ಹಬ್ಬ. ಗಣಿತದ ವಿದ್ಯಾರ್ಥಿನಿಗೆ ಕಥೆಯೂ ರುಚಿಸೀತು: ಫ್ರೆಡರಿಕ್ ಕಡಲ್ಗಳ್ಳರ ಬಳಿ ದುಡಿಯಬೇಕಾದದ್ದು ಇಪ್ಪತ್ತೊಂದನೆಯ ಹುಟ್ಟುಹಬ್ಬದವರೆಗೆ, ಅವನು ಹುಟ್ಟಿದ್ದು ಫೆಬ್ರವರಿ 29ರಂದು.

ಪ್ರಶ್ನೆ: ಅದೇ ನಾಟಕದ ಮೇಜರ್ ಜನರಲ್ ಪಾತ್ರ ನನಗೆ ಸಿಕ್ಕಿದೆ. ವೇಗದ ಹಾಡಿನಲ್ಲಿ ನಾಲಿಗೆ ತೊಡರುತ್ತದೆ. ಇನ್ನಷ್ಟು ನಗಿಸು ಎಂದು ಸ್ನೇಹಿತರು ಒತ್ತಾಯಿಸುತ್ತಾರೆ. ಏನು ಮಾಡಲಿ?
— ಇಂಗ್ಲೆಂಡಿನಲ್ಲಿ ಓದುತ್ತಿರುವ ವಿದ್ಯಾರ್ಥಿ

ಉತ್ತರ: ಮೊದಲು ರಾಗ ಬಿಟ್ಟುಬಿಡಿ. ಸಾಹಿತ್ಯವನ್ನು, ಲಯ ತೋರಿಸುವ ಸಾಧನವಾದ ಮೆಟ್ರೊನೋಮ್ ಜೊತೆ ವಿಳಂಬ ಕಾಲದಲ್ಲಿ ಬರೀ ಮಾತಾಗಿ ಹೇಳಿ, ಪದಗಳ ಕೊನೆಯ ವ್ಯಂಜನಗಳು ಖಚಿತವಾಗಿ ಕೇಳಿದ ಮೇಲೆಯೇ ಕಾಲವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ. ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತಿಸಿ, ಯಾವ ದಿನವೂ ಬದಲಾಯಿಸಬೇಡಿ. ಪ್ರೇಕ್ಷಕರಿಗೆ ಅರ್ಥವಾಗುವ ವೇಗಕ್ಕಿಂತ ಹೆಚ್ಚಿನ ವೇಗದಿಂದ ಪ್ರಯೋಜನವಿಲ್ಲ.

ನಗಿಸುವ ವಿಚಾರದಲ್ಲಿ ಸ್ನೇಹಿತರ ಮಾತು ಕೇಳಬೇಡಿ. ಗಿಲ್ಬರ್ಟ್ ತಮ್ಮ ‘ಎಂಗೇಜ್ಡ್’ ಎಂಬ ಹಾಸ್ಯ ನಾಟಕಕ್ಕೆ ಬರೆದ ಸೂಚನೆಯಲ್ಲಿ, ನಟರು ಆದಿಯಿಂದ ಅಂತ್ಯದವರೆಗೆ ಪೂರ್ಣ ಶ್ರದ್ಧೆಯಿಂದ, ಗಂಭೀರವಾಗಿ ಅಭಿನಯಿಸಬೇಕೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಅವರ ಎಲ್ಲ ಹಾಸ್ಯಕ್ಕೂ ಅದೇ ಕೀಲಿಕೈ. ನಿಮ್ಮ ಹಾಡನ್ನೇ ನೋಡಿ. ಒಂದು ಸಾಲಿನ ಕೊನೆಯಲ್ಲಿ ಪ್ರಾಸ ಸಿಗದೆ ಜನರಲ್ ತಡೆಯುತ್ತಾನೆ, ಯೋಚಿಸುತ್ತಾನೆ, ಸಿಕ್ಕಿದೊಡನೆ ಗೆದ್ದವನಂತೆ ಮುಂದೆ ಓಡುತ್ತಾನೆ. ಅಲ್ಲಿ ನೀವು ನಿಜವಾಗಿಯೂ ಹುಡುಕಬೇಕು. ಸೈನ್ಯದ ಮಾನವೇ ಆ ಒಂದು ಪ್ರಾಸದ ಮೇಲೆ ನಿಂತಿದೆ ಎಂದು ಆ ಮನುಷ್ಯ ನಂಬಿದ್ದಾನೆ. ನೀವು ಪ್ರೇಕ್ಷಕರತ್ತ ಕಣ್ಣು ಮಿಟುಕಿಸಿದರೆ, ಜನರಲ್ ಮಾಯವಾಗಿ ನಗಿಸಲು ಹೆಣಗುವ ವಿದ್ಯಾರ್ಥಿಯೊಬ್ಬ ಮಾತ್ರ ಉಳಿಯುತ್ತಾನೆ.

ಪ್ರಶ್ನೆ: ನಮ್ಮ ಸಂಘ ‘ದಿ ಮಿಕಾಡೊ’ ಆಡಬೇಕೆಂದಿದೆ. ಅದು ಜಪಾನೀಯರ ಅವಹೇಳನ ಎನ್ನುತ್ತಾರೆ. ನಾನು ಭಾಗವಹಿಸಬಹುದೇ?
— ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಅಮೆರಿಕ

ಉತ್ತರ: 1885ರಲ್ಲಿ ತೆರೆಕಂಡು ಮೊದಲ ಓಟದಲ್ಲೇ 672 ಪ್ರದರ್ಶನ ಕಂಡ ಈ ನಾಟಕದಲ್ಲಿ ಗಿಲ್ಬರ್ಟ್ ಚುಚ್ಚಿದ್ದು ಇಂಗ್ಲೆಂಡಿನ ಅಧಿಕಾರಸ್ಥರನ್ನೇ. ಆದರೂ ಅದಕ್ಕಾಗಿ ಬಳಸಿದ ವೇಷ ಇನ್ನೊಂದು ಜನರದ್ದು; ಮುಖಕ್ಕೆ ಬಣ್ಣ ಬಳಿದು ಜಪಾನೀಯರಂತೆ ನಟಿಸುವುದು ನೋಯಿಸುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. 2015ರಲ್ಲಿ ನ್ಯೂಯಾರ್ಕಿನ ವೃತ್ತಿಪರ ತಂಡವೊಂದು ಇಂಥ ಪ್ರತಿಭಟನೆಯ ನಂತರ ತನ್ನ ಪ್ರದರ್ಶನಗಳನ್ನು ಕೈಬಿಟ್ಟಿತು. ಬದಲಾವಣೆ ಮಾಡಿದರೆ ಸಂಪ್ರದಾಯ ಕೆಡುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ: 1948ರಲ್ಲಿ ಡಾಯ್ಲಿ ಕಾರ್ಟ್ ಕಂಪನಿಯೇ ಈ ನಾಟಕದ ಹಾಡುಗಳಲ್ಲಿದ್ದ ಕಪ್ಪು ಜನರನ್ನು ಹೀಗಳೆಯುವ ಪದವನ್ನು ತೆಗೆಸಿತು, ಕೊಕೊ ಎಂಬ ಪಾತ್ರ, ಇಲ್ಲವಾದರೂ ನಷ್ಟವಿಲ್ಲದವರ ಪಟ್ಟಿ ಮಾಡಿ ಹಾಡುವ ಹಾಡಿಗಂತೂ ಆಯಾ ಊರಿನ ಸಮಾಚಾರ ಸೇರಿಸುವ ರೂಢಿ ಎಲ್ಲೆಡೆ ಇದೆ. ತಾಲೀಮು ಶುರುವಾಗುವ ಮೊದಲೇ ವೇಷ, ಮೇಕಪ್, ಹಾವಭಾವ ಹೇಗಿರುತ್ತವೆ ಎಂದು ಸಭೆಯಲ್ಲಿ ಕೇಳಿ. ಬಣ್ಣ ಬಳಿಯುವುದೇ ಖಚಿತವಾದರೆ ಹಿಂದೆ ಸರಿಯಿರಿ.

ಪ್ರಶ್ನೆ: ನಮ್ಮ ಕಾನೂನು ಕಾಲೇಜಿನಲ್ಲಿ ಇಂಥದ್ದೊಂದನ್ನು ಆಡಿಸಬಹುದೇ? ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆಯೇ?
— ಉಪನ್ಯಾಸಕರು, ಬೆಂಗಳೂರು

ಉತ್ತರ: ಮೂಲ ಕೃತಿಗಳ ಹಕ್ಕು ಎಂದೋ ಮುಗಿದಿದೆ; ಸಲಿವನ್ ತೀರಿಕೊಂಡದ್ದು 1900ರಲ್ಲಿ. ಈಚಿನ ಸಂಪಾದಿತ ಸ್ವರಲಿಪಿಗೆ ಬೇರೆ ಹಕ್ಕು ಇರಬಹುದಾದ್ದರಿಂದ ಹಳೆಯ ಮುದ್ರಣವನ್ನೇ ಬಳಸಿ. 1875ರ ‘ಟ್ರಯಲ್ ಬೈ ಜ್ಯೂರಿ’ ನಿಮಗೆ ಚೆನ್ನಾಗಿ ಒಗ್ಗುತ್ತದೆ. ಸ್ವತಃ ವಕೀಲರಾಗಿದ್ದ ಗಿಲ್ಬರ್ಟ್ ಬರೆದ ಈ ನಾಟಕಕ್ಕೆ ಒಂದೇ ಅಂಕ, ನಡುವೆ ಮಾತಿಲ್ಲ, ಒಂದು ಗಂಟೆಯೊಳಗೆ ಮುಗಿಯುತ್ತದೆ. ಮದುವೆಯ ಮಾತು ಮುರಿದವನ ವಿರುದ್ಧ ಹೂಡಿದ ದಾವೆಯಲ್ಲಿ ಕೊನೆಗೆ ನ್ಯಾಯಾಧೀಶನೇ ವಾದಿಯ ಕೈಹಿಡಿಯುತ್ತಾನೆ. ಜ್ಯೂರಿಗಳು, ವಧುವಿನ ಗೆಳತಿಯರು, ಸಭಿಕರು ಎಂದು ಮೇಳಕ್ಕೆ ಬಹಳ ಮಂದಿಯನ್ನು ಸೇರಿಸಿಕೊಳ್ಳಬಹುದು. ಒಂದು ಪಿಯಾನೊ, ಅದಿಲ್ಲದಿದ್ದರೆ ಒಳ್ಳೆಯ ಕೀಬೋರ್ಡ್ ಸಾಕು.