ಸಿಲಿಕೋನ್ ರಬ್ಬರ್‌ಗೆ ಬೇರಿಯಂ ಟೈಟನೇಟ್ ಎಷ್ಟು ಬೆರೆಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಮಂಡ್ಯದಲ್ಲಿ ಎಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದೀರಿ. ವೋಲ್ಟೇಜ್ ಕೊಟ್ಟರೆ ಹಿಗ್ಗುವ ರಬ್ಬರ್ ಹಾಳೆಯನ್ನು ಸಿಲಿಕೋನ್ ಇಂಕ್‌ನಿಂದ ಪ್ರಿಂಟ್ ಮಾಡಬೇಕು. ಸಿಲಿಕೋನ್‌ನ ಪರ್ಮಿಟಿವಿಟಿ (ವೋಲ್ಟೇಜ್ ಕೊಟ್ಟಾಗ ವಸ್ತು ಎಷ್ಟು ಚಾರ್ಜ್ ಹಿಡಿದಿಡಲು ನೆರವಾಗುತ್ತದೆ ಅನ್ನುವ ಅಳತೆ) 3ರ ಆಸುಪಾಸು, ಬೇರಿಯಂ ಟೈಟನೇಟ್ ಅನ್ನುವ ಸೆರಾಮಿಕ್ ಪುಡಿಯದು ಸಾವಿರ ದಾಟುತ್ತದೆ. ಹಾಗಾದರೆ ಶೇ 20 ಪುಡಿ ಬೆರೆಸಿದರೆ ಹಾಳೆ ಎಷ್ಟೋ ಪಟ್ಟು ಜಾಸ್ತಿ ಹಿಗ್ಗಬೇಕು, ಅಲ್ವಾ?

ಇಲ್ಲ. ಕಡಿಮೆಯೂ ಆಗಬಹುದು. ನಾನು ಮೈಸೂರಿನಲ್ಲಿ ರಬ್ಬರ್ ಮಿಕ್ಸಿಂಗ್ ಕೆಲಸದಲ್ಲಿ ಇರುವವನು, ಸಿಲಿಕೋನ್ ಜೊತೆ ದಿನಾ ಒಡನಾಟ. ಪುಡಿ ಮಾರುವವರ ಪಟ್ಟಿಯಲ್ಲಿರುವ ಆ ದೊಡ್ಡ ಸಂಖ್ಯೆ ನೋಡಿ ಯಾರಾದರೂ ಆಸೆಪಡುತ್ತಾರೆ. ಆದರೆ ಅದು ನಿಮ್ಮ ಹಾಳೆಗೆ ಹೆಚ್ಚುಕಡಿಮೆ ಬರುವುದೇ ಇಲ್ಲ.

ಕಾರಣ ಸರಳ. ಪುಡಿಯ ಕಣಗಳು ರಬ್ಬರ್ ಒಳಗೆ ದ್ವೀಪಗಳಂತೆ ಕೂತಿರುತ್ತವೆ, ಒಂದಕ್ಕೊಂದು ತಾಗುವುದಿಲ್ಲ. ನಾವು ಕೊಟ್ಟ ವೋಲ್ಟೇಜ್ ಬಹುಪಾಲು ನಡುವಿನ ರಬ್ಬರ್ ಮೇಲೇ ಬೀಳುತ್ತದೆ. ಎಕ್ಸ್‌ಪ್ರೆಸ್‌ವೇನಲ್ಲಿ ಎಷ್ಟೇ ಜೋರಾಗಿ ಹೋದರೂ ಕೆಂಗೇರಿ ಹತ್ತಿರ ಸಿಕ್ಕಿಹಾಕಿಕೊಂಡರೆ ಬೆಂಗಳೂರು ತಲುಪುವ ಹೊತ್ತು ಬದಲಾಗದಲ್ಲ, ಹಾಗೆ. ಇದಕ್ಕೆ 1904ರಷ್ಟು ಹಳೆಯ ಒಂದು ಸೂತ್ರವಿದೆ, ಮ್ಯಾಕ್ಸ್‌ವೆಲ್ ಗಾರ್ನೆಟ್ ಅವರದು (ಇಬ್ಬರಲ್ಲ, ಒಬ್ಬರೇ). ಕಣದ ಪರ್ಮಿಟಿವಿಟಿ ತುಂಬಾ ದೊಡ್ಡದು ಅಂದುಕೊಂಡರೆ ಸೂತ್ರ ಇಷ್ಟಕ್ಕೆ ಇಳಿಯುತ್ತದೆ: ಪುಡಿಯ ಪಾಲಿನ ಎರಡರಷ್ಟಕ್ಕೆ ಒಂದು ಕೂಡಿಸಿ, ಅದನ್ನು ಒಂದರಿಂದ ಆ ಪಾಲು ಕಳೆದು ಉಳಿದದ್ದರಿಂದ ಭಾಗಿಸಿ. ಶೇ 20ಕ್ಕೆ 1.4 ಭಾಗಿಸು 0.8, ಅಂದರೆ 1.75 ಪಟ್ಟು. ಅಷ್ಟೇ. ಕಣದ ಪರ್ಮಿಟಿವಿಟಿ ಒಂದು ಸಾವಿರವಾದರೂ ಹತ್ತು ಸಾವಿರವಾದರೂ ಉತ್ತರ ಅಲ್ಲೇ ನಿಲ್ಲುತ್ತದೆ. ಬಿಳಿ ಪೇಂಟ್‌ಗೆ ಹಾಕುವ ಟೈಟಾನಿಯಂ ಡೈಆಕ್ಸೈಡ್‌ನ ರೂಟೈಲ್ ಪುಡಿಯ ಪರ್ಮಿಟಿವಿಟಿ ಸುಮಾರು 100. ಅದೂ ಹತ್ತಿರಹತ್ತಿರ ಅಷ್ಟೇ ಕೊಡುತ್ತದೆ, ಬೆಲೆಯೂ ಕಡಿಮೆ.

ಇಲ್ಲಿ ಶೇ 20 ಅಂದರೆ ಗಾತ್ರದ ಲೆಕ್ಕ, ತೂಕದ್ದಲ್ಲ. ಬೇರಿಯಂ ಟೈಟನೇಟ್ ಸಿಲಿಕೋನ್‌ಗಿಂತ ಸುಮಾರು ಆರು ಪಟ್ಟು ಭಾರ. ತಕ್ಕಡಿಯಲ್ಲಿ ಶೇ 20 ತೂಗಿ ಹಾಕಿದರೆ ಗಾತ್ರದಲ್ಲಿ ಬರೀ ಶೇ 4 ಆಗುತ್ತದೆ. ಗಾತ್ರದಲ್ಲಿ ಶೇ 20 ಬೇಕಾದರೆ ಒಟ್ಟು ತೂಕದ ಶೇ 60ರಷ್ಟು ಪುಡಿಯೇ ಇರಬೇಕು. ಅದು ಇಂಕ್ ಅಲ್ಲ, ಹೆಚ್ಚುಕಡಿಮೆ ಪುಟ್ಟಿ.

ಈಗ ನಿಮ್ಮ ಹಿಗ್ಗುವ ಹಾಳೆಯ ವಿಷಯ. ಹಾಳೆಯ ಎರಡೂ ಕಡೆಯ ಎಲೆಕ್ಟ್ರೋಡ್‌ಗಳು ಒಂದನ್ನೊಂದು ಸೆಳೆದು ನಡುವಿನ ರಬ್ಬರ್ ಒತ್ತುತ್ತವೆ, ಅದು ತೆಳ್ಳಗಾಗಿ ಅಗಲಕ್ಕೆ ಹಿಗ್ಗುತ್ತದೆ. ಈ ಒತ್ತಡ ಪರ್ಮಿಟಿವಿಟಿಯ ಜೊತೆ ನೇರವಾಗಿ ಏರುತ್ತದೆ, ವಿದ್ಯುತ್ ಕ್ಷೇತ್ರದ (ವೋಲ್ಟೇಜ್ ಭಾಗಿಸು ದಪ್ಪ) ವರ್ಗದ ಜೊತೆಗೂ ಏರುತ್ತದೆ. ಎಷ್ಟು ಹಿಗ್ಗುತ್ತದೆ ಅನ್ನುವುದಕ್ಕೆ ಆ ಒತ್ತಡವನ್ನು ರಬ್ಬರ್‌ನ ಬಿಗಿಯಿಂದ ಭಾಗಿಸಬೇಕು. ಗಟ್ಟಿ ಕಣ ಹಾಕಿದರೆ ರಬ್ಬರ್ ಬಿಗಿಯಾಗುತ್ತದೆ. ಟೈರ್ ಮಾಡುವವರು ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕಪ್ಪು ಪುಡಿ) ಹಾಕುವುದೂ ಈ ಕಾರಣಕ್ಕೇ. ರಬ್ಬರ್‌ನವರು ಬಳಸುವ ಗೂತ್-ಗೋಲ್ಡ್ ಲೆಕ್ಕದಲ್ಲಿ ಶೇ 20ಕ್ಕೆ ಬಿಗಿ ಎರಡು ಪಟ್ಟು ದಾಟುತ್ತದೆ. ಪರ್ಮಿಟಿವಿಟಿ 1.75 ಪಟ್ಟು, ಬಿಗಿ 2 ಪಟ್ಟು. ಅದೇ ವೋಲ್ಟೇಜ್‌ಗೆ ಹಾಳೆ ಮೊದಲಿಗಿಂತ ಕಡಿಮೆ ಹಿಗ್ಗುತ್ತದೆ! ಜೊತೆಗೆ ಪುಡಿ ಎಲ್ಲೋ ಗಂಟು ಕಟ್ಟಿದ್ದರೆ ಕ್ಷೇತ್ರ ಅಲ್ಲೇ ಜಾಸ್ತಿಯಾಗಿ ಹಾಳೆ ಬೇಗ ಸುಟ್ಟು ತೂತಾಗುತ್ತದೆ. ಹಾಳೆ ಸುಡದೆ ತಡೆದುಕೊಳ್ಳುವ ಕ್ಷೇತ್ರ ಶೇ 30 ಇಳಿದರೆ ಸಿಗುವ ಒತ್ತಡದ ಮಿತಿ ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾಗುತ್ತದೆ.

ನನ್ನ ಕೇಳಿದರೆ ಮೊದಲು ಪುಡಿ ಇಲ್ಲದೆ ಎರಡು ಕೆಲಸ ಮಾಡಿ. ಮೆತ್ತಗಿನ ಸಿಲಿಕೋನ್ ಆರಿಸಿ. ಇಕೋಫ್ಲೆಕ್ಸ್ 00-30, ಲ್ಯಾಬ್‌ಗಳಲ್ಲಿ ಎಲ್ಲರೂ ಬಳಸುವ ಸಿಲ್ಗಾರ್ಡ್ 184ಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಮೆತ್ತಗೆ. ಆಮೇಲೆ ಹಾಳೆ ತೆಳ್ಳಗೆ ಮಾಡಿ. ದಪ್ಪ ಅರ್ಧವಾದರೆ ಅದೇ ವೋಲ್ಟೇಜ್‌ಗೆ ಒತ್ತಡ ನಾಲ್ಕು ಪಟ್ಟು. ಯಾವ ಪುಡಿಯೂ ಇಷ್ಟು ಕೊಡಲ್ಲ. 100 ಮೈಕ್ರಾನ್ ಹಾಳೆಗೆ ಮೈಕ್ರಾನ್‌ಗೆ 30 ವೋಲ್ಟ್ ಅಂದರೂ 3,000 ವೋಲ್ಟ್ ಆಯಿತು, ಒಬ್ಬರೇ ಇದ್ದಾಗ ಇದನ್ನು ಹಚ್ಚಬೇಡಿ.

ಪುಡಿ ಹಾಕಲೇಬೇಕು ಅಂತ ಗೈಡ್ ಹೇಳಿದ್ದರೆ ಗಾತ್ರದಲ್ಲಿ ಶೇ 5ರಿಂದ 10ರೊಳಗೆ ಇರಿ. ಕೆಪಾಸಿಟರ್ ಥರದ ಸೆನ್ಸರ್ ಮಾಡುವುದಾದರೆ ಮಾತು ಬೇರೆ. ಅಲ್ಲಿ ಬೇಕಾದ್ದು ಕೆಪಾಸಿಟನ್ಸ್, ಬಿಗಿ ಅಷ್ಟಾಗಿ ಕಾಡದು, ಶೇ 20ರವರೆಗೂ ಹೋಗಬಹುದು. ಕಾರ್ಬನ್ ಬ್ಲ್ಯಾಕ್‌ನಲ್ಲಿ ಕರೆಂಟ್ ಹರಿಯುತ್ತದೆ, ಅದನ್ನು ಎಲೆಕ್ಟ್ರೋಡ್‌ಗೆ ಇಟ್ಟುಕೊಳ್ಳಿ. ನಡುವಿನ ಪದರಕ್ಕೆ ಹಾಕಿದರೆ ಕಣಗಳು ಒಂದಕ್ಕೊಂದು ತಾಗಿ ದಾರಿಯಾಗುವ ಹಂತಕ್ಕೆ ಬಂದಾಗ ಪರ್ಮಿಟಿವಿಟಿ ಮೇಲಕ್ಕೆ ಹಾರುತ್ತದೆ, ನಿಜ. ಆದರೆ ಕರೆಂಟ್ ಸೋರಿಕೆಯೂ ಜೊತೆಗೇ ಹಾರುತ್ತದೆ.

ಬೆರೆಸುವುದರಲ್ಲೇ ಅರ್ಧ ಕೆಲಸ ಇದೆ. ಪುಡಿಯನ್ನು ಮೊದಲು 120 ಡಿಗ್ರಿ ಓವನ್‌ನಲ್ಲಿ ಒಣಗಿಸಿ, ಕಣದ ಮೇಲಿನ ತೇವ ಸೋರಿಕೆ ತರುತ್ತದೆ. ಸಿಲೇನ್ (ಪುಡಿಯನ್ನು ರಬ್ಬರ್‌ಗೆ ಬೆಸೆಯುವ ರಾಸಾಯನಿಕ) ಲೇಪಿಸಿದ ಪುಡಿ ಸಿಕ್ಕರೆ ಅದನ್ನೇ ತಗೊಳ್ಳಿ, ರಬ್ಬರ್ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಕೈಯಲ್ಲಿ ಕಲಸಿದರೆ ಗಂಟು ಒಡೆಯಲ್ಲ, ಮೂರು ರೋಲರ್ ಮಿಲ್ ಬೇಕು. ಚುನಾವಣೆ ಶಾಯಿಯ ಪೇಂಟ್ ಕಾರ್ಖಾನೆ ಇರುವ ಊರು ಮೈಸೂರು. ಪೇಂಟ್ ಅರೆದು ಪಳಗಿದ ಹಿರಿಯರು ಇಲ್ಲಿ ಸಿಗುತ್ತಾರೆ, ನಾಚಿಕೆ ಬಿಟ್ಟು ಕೇಳಿ. ಅರೆದ ಮೇಲೆ ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆದು ಅವತ್ತೇ ಪ್ರಿಂಟ್ ಮಾಡಿ, ಇಲ್ಲದಿದ್ದರೆ ಭಾರದ ಪುಡಿ ತಳ ಸೇರುತ್ತದೆ. ನಾಜಲ್ ತೂತು ಅತಿ ದೊಡ್ಡ ಕಣಕ್ಕಿಂತ ಹತ್ತು ಪಟ್ಟಾದರೂ ಅಗಲ ಇರಲಿ. ಯುವಿ ಬೆಳಕಿನಿಂದ ಗಟ್ಟಿಯಾಗುವ ಇಂಕ್ ಆದರೆ ಪದರ ತೆಳ್ಳಗಿರಬೇಕು, ಈ ಬಿಳಿ ಪುಡಿಗಳು ಬೆಳಕನ್ನು ಒಳಗೆ ಬಿಡುವುದಿಲ್ಲ.

ಇನ್ನೊಂದು, ಇದು ರಬ್ಬರ್ ಶಾಪ್‌ನವರಿಗೆ ಚೆನ್ನಾಗಿ ಗೊತ್ತು. ನಿಮ್ಮ ಸಿಲಿಕೋನ್ ಪ್ಲಾಟಿನಂನಿಂದ ಗಟ್ಟಿಯಾಗುವ ಬಗೆಯದಾದರೆ ಗಂಧಕ ಸೋಕಿದರೂ ಅಂಟಂಟಾಗೇ ಉಳಿಯುತ್ತದೆ. ಲೇಟೆಕ್ಸ್ ಗ್ಲವ್ಸ್ ಹಾಕಬೇಡಿ, ನೈಟ್ರೈಲ್ ಹಾಕಿದರೂ ಮೊದಲು ಒಂದು ಹನಿ ಇಂಕ್ ಅದರ ಮೇಲೆ ಬಿಟ್ಟು ಗಟ್ಟಿಯಾಗುತ್ತದಾ ನೋಡಿ.