ರಾತ್ರಿ ರೇಡಿಯೋದ ಮಾತು ಕೇಳುತ್ತಾ ಮಲಗುವುದು ಕೆಟ್ಟ ಚಟವಾ?

ನಿಮ್ಮ ಪ್ರಶ್ನೆ ಓದಿದೆ. ಹುಬ್ಬಳ್ಳಿ ಬಿಟ್ಟು ಮುಂಬೈನ ಅಂಧೇರಿಗೆ ಬಂದು ಆರು ತಿಂಗಳು, ರೂಮಿನಲ್ಲಿ ಒಬ್ಬರೇ. ರೇಡಿಯೋದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಮಾತ್ರ ನಿದ್ದೆ ಬರುತ್ತದೆ. ಇದು ಕೆಟ್ಟ ಚಟವಾ, ಇಲ್ಲಿ ಕನ್ನಡದ್ದೇನಾದರೂ ಕೇಳಲು ಸಿಗುತ್ತದಾ ಅಂತ ಕೇಳಿದ್ದೀರಿ. ಚಟ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ರಾತ್ರಿ ರೇಡಿಯೋ ಇದೆ. ನನ್ನ ಅವ್ವನ ಕಾಲು ಉಳಿದದ್ದೂ ಅದರಿಂದಲೇ.

ನಾನು ದಾದರಿನ ಒಂದು ಮೆಡಿಕಲ್ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಮನೆ ಡೊಂಬಿವಲಿ. ಅಪ್ಪ ಗದಗ ಕಡೆಯವರು, ಪರೇಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ. ರಾತ್ರಿ ಊಟ ಆದ ಮೇಲೆ ಟ್ರಾನ್ಸಿಸ್ಟರ್ ಹಿಡಿದು ಕಿಟಕಿ ಹತ್ತಿರ ಕೂರುತ್ತಿದ್ದರು. ಆಕಾಶವಾಣಿ ಧಾರವಾಡ, 765 ಕಿಲೋಹರ್ಟ್ಜ್. ಹಗಲಲ್ಲಿ ಬರೀ ಗೊರಗೊರ. ಕತ್ತಲಾದ ಮೇಲೆ ನಿಧಾನಕ್ಕೆ ದನಿ ಮೇಲೆ ಬರುತ್ತಿತ್ತು. ಮೀಡಿಯಂ ವೇವ್ ಇರುವುದೇ ಹಾಗೆ. ಬಿಸಿಲಿದ್ದಾಗ ಆಕಾಶದ ಮೇಲಿನ ಒಂದು ಪದರ ಅಲೆಗಳನ್ನು ನುಂಗಿಬಿಡುತ್ತದೆ. ರಾತ್ರಿ ಆ ಪದರ ಇರುವುದಿಲ್ಲ. ಆಗ ಅಲೆ ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಕಿಲೋಮೀಟರ್ ಆಚೆ ಬಂದು ಇಳಿಯುತ್ತದೆ. ಅಪ್ಪನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಪೆಟ್ಟಿಗೆಯನ್ನು ಯಾವ ಮಗ್ಗುಲಿಗೆ ತಿರುಗಿಸಿದರೆ ದನಿ ಏರುತ್ತದೆ ಅನ್ನುವುದು ಕೈಗೇ ಗೊತ್ತಿತ್ತು. "ಗಪ್ ಕೂಡ್ರಿ, ಧಾರವಾಡ ಬಂತು" ಅಂದರೆ ನಾವು ಮಕ್ಕಳು ಉಸಿರು ಬಿಡುವ ಹಾಗಿರಲಿಲ್ಲ.

ರಿಟೈರ್ ಆದ ಮೇಲೆ ಅಪ್ಪನಿಗೆ ನಿದ್ದೆ ಕಡಿಮೆಯಾಯಿತು. ಧಾರವಾಡ ಮುಗಿದರೆ ಮುಳ್ಳು ಇನ್ನೊಂದು ತುದಿಗೆ, ನಾಗಪುರದ 1566ಕ್ಕೆ ಹೋಗುತ್ತಿತ್ತು. ಆಕಾಶವಾಣಿಯ ರಾಷ್ಟ್ರೀಯ ಚಾನೆಲ್ ಅದು. 1988ರಲ್ಲಿ ಶುರುವಾಗಿತ್ತು, 1000 ಕಿಲೋವ್ಯಾಟ್‌ನ ಟ್ರಾನ್ಸ್‌ಮಿಟರ್, ರಾತ್ರಿಯಿಡೀ ಮಾತು, ಹಾಡು, ಸುದ್ದಿ. 2019ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ನನಗೆ ಅದರ ಬೇಸರ ಇನ್ನೂ ಇದೆ. ನಡುರಾತ್ರಿ ಎಚ್ಚರ ಇರುವ ವಯಸ್ಸಾದವರಿಗೆ ಯಾರೋ ಒಬ್ಬರು ಸಮಾಧಾನವಾಗಿ ಮಾತಾಡುತ್ತಿದ್ದರು, ಅಲ್ವಾ?

ಈಗ ಅವ್ವನ ವಿಷಯ. 2014ರ ಮಳೆಗಾಲ. ಅಂಗಡಿ ಮುಚ್ಚಿ ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತಿದ್ದೆ. ಮೊಬೈಲಿನ ಎಫ್‌ಎಂ, ಕಿವಿಯಲ್ಲಿ ಇಯರ್‌ಫೋನ್. ಹಿಂದಿಯಲ್ಲಿ ಒಂದು ಫೋನ್ ಇನ್ ಕಾರ್ಯಕ್ರಮ, ಡಾಕ್ಟರು ಕೇಳುಗರಿಗೆ ಉತ್ತರ ಕೊಡುತ್ತಿದ್ದರು. ಒಬ್ಬ ಹೆಂಗಸು ಕೇಳಿದಳು: "ಹತ್ತು ವರ್ಷದಿಂದ ಶುಗರ್ ಇದೆ. ಈಗೀಗ ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತದೆ." ಅಷ್ಟರಲ್ಲಿ ಪಾರ್ಸಿಕ್ ಸುರಂಗ ಬಂತು. ಆಗ ಫಾಸ್ಟ್ ಗಾಡಿಗಳು ಅದರೊಳಗೇ ಹೋಗುತ್ತಿದ್ದವು. ಒಂದು ಕಿಲೋಮೀಟರಿಗೂ ಉದ್ದದ ಸುರಂಗ, ರೇಡಿಯೋ ಪೂರ್ತಿ ಬಂದ್. ಆಚೆ ಬಂದಾಗ ಕೇಳಿಸಿದ್ದು ಕೊನೆಯ ಮಾತು ಮಾತ್ರ: "ಚಪ್ಪಲಿ ಹಾಕುವ ಮುಂಚೆ ಒಳಗೆ ಕೈಯಾಡಿಸಿ ನೋಡಿ. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ."

ಅವ್ವನಿಗೂ ಶುಗರ್ ಇತ್ತು. ಮನೆಗೆ ಬಂದು ಸುಮ್ನೆ ಅವಳ ಕಾಲು ನೋಡಿದೆ. ಬಲಗಾಲಿನ ಹೆಬ್ಬೆರಳ ಕೆಳಗೆ ಒಂದು ಡ್ರಾಯಿಂಗ್ ಪಿನ್ ಚುಚ್ಚಿಕೊಂಡಿತ್ತು. ಸುತ್ತ ಚರ್ಮ ಬೆಳ್ಳಗೆ ಉಬ್ಬಿತ್ತು. "ಏನೂ ನೋಯಂಗಿಲ್ಲೋ ಯಪ್ಪಾ" ಅಂದಳು. ಶುಗರಿನ ಮಾತ್ರೆ ದಿನಾ ನನ್ನ ಕೈಯಿಂದಲೇ ಎಷ್ಟೋ ಜನರಿಗೆ ಹೋಗುತ್ತದೆ. ನನ್ನ ಅವ್ವನ ಪಾದ ನಾನು ಒಮ್ಮೆಯೂ ನೋಡಿರಲಿಲ್ಲ. ಮರುದಿನ ಡಾಕ್ಟರು ಅವಳಿಗೆ ಕಣ್ಣು ಮುಚ್ಚಲು ಹೇಳಿ, ತೆಳ್ಳಗಿನ ನೈಲಾನ್ ಎಳೆಯೊಂದನ್ನು ಪಾದದ ಅಲ್ಲಲ್ಲಿ ಒತ್ತಿ ನೋಡಿದರು. ಏಳೆಂಟು ಕಡೆ ಒತ್ತಿ ಆಗಿತ್ತು. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಇನ್ನೂ ಶುರು ಮಾಡಿಲ್ಲೇನ್ರೀ?" ಶುಗರ್ ಬಹಳ ದಿನ ಜಾಸ್ತಿ ಇದ್ದರೆ ಪಾದದ ನರ ಹಾಗೆ ಮರಗಟ್ಟುತ್ತದೆ. ಗಾಯ ಆದರೂ ಗೊತ್ತಾಗುವುದಿಲ್ಲ, ಕೀವು ಒಳಗೆ ಇಳಿಯುತ್ತದೆ. ಅವ್ವನದು ಇಳಿದಿರಲಿಲ್ಲ. ಎರಡು ವಾರ ಡ್ರೆಸ್ಸಿಂಗ್ ಮಾಡಿಸಿದೆವು, ವಾಸಿಯಾಯಿತು.

ನಾನಾಗಿ ಆ ಪ್ರಶ್ನೆ ಯಾವ ಡಾಕ್ಟರಿಗೂ ಕೇಳುತ್ತಿರಲಿಲ್ಲ. ಹೀಗೊಂದು ಪ್ರಶ್ನೆ ಇದೆ ಅನ್ನುವುದೇ ಹೊಳೆದಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ. ರೇಡಿಯೋದಲ್ಲಿ ಯಾರೋ ಬೇರೆಯವರು ನಮ್ಮ ಪ್ರಶ್ನೆ ಕೇಳಿಬಿಡುತ್ತಾರೆ. ಸೊಸೆ ಜೊತೆ ಮಾತು ಬಿಟ್ಟ ಅತ್ತೆ, ರಿಟೈರ್ ಆದ ಮೇಲೆ ಕೊಳಲು ಕಲಿಯಲು ಹೊರಟವರು, ಮಂಡಿ ನೋವಿಗೆ ಎಷ್ಟು ನಡೆಯಬೇಕು ಅಂತ ಕೇಳುವವರು. ಒಂಟಿ ರೂಮಿನಲ್ಲಿ ಇದನ್ನೆಲ್ಲ ಕೇಳುತ್ತಾ ಮಲಗಿದರೆ ಊರಿನ ಕಟ್ಟೆ ಮೇಲೆ ಕೂತ ಹಾಗೆ ಇರುತ್ತದೆ. ನಿಮಗೆ ನಿದ್ದೆ ಬರುವುದು ಅದಕ್ಕೇ ಇರಬೇಕು.

ಒಂದೆರಡು ಮಾತು ಮಾತ್ರ ಹೇಳಲೇಬೇಕು. "ನಿನ್ನೆ ರೇಡಿಯೋದಲ್ಲಿ ಹೇಳಿದರು, ಆ ಮಾತ್ರೆ ಕೊಡಿ" ಅಂತ ಅಂಗಡಿಗೆ ಬರುವವರನ್ನು ನೋಡಿ ನನಗೆ ಭಯವಾಗುತ್ತದೆ. ಬೇರೆಯವರಿಗೆ ಹೇಳಿದ ಔಷಧಿ ನಿಮ್ಮದಲ್ಲ. ಕೇಳಿದ್ದನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಡಾಕ್ಟರಿಗೆ ತೋರಿಸಿ. ಇನ್ನು ನಿದ್ದೆ. ಇಯರ್‌ಫೋನ್ ಹಾಕಿಕೊಂಡು ಮಲಗಬೇಡಿ, ಸಣ್ಣ ದನಿಯಲ್ಲಿ ಹೊರಗಿಡಿ. ಅರ್ಧ ಗಂಟೆಗೆ ತಾನೇ ನಿಲ್ಲುವ ಹಾಗೆ ಟೈಮರ್ ಇಡಿ, ಮೊಬೈಲನ್ನು ಬೋರಲು ಹಾಕಿ. ಜಗಳದ ಚರ್ಚೆ ರಾತ್ರಿ ಬೇಡವೇ ಬೇಡ. ರೇಡಿಯೋ ಇದ್ದರೂ ವಾರಗಟ್ಟಲೆ ನಿದ್ದೆ ಬರದಿದ್ದರೆ ಡಾಕ್ಟರನ್ನು ಕಾಣಿ. ನಿದ್ದೆ ಮಾತ್ರೆ ಚೀಟಿ ಇಲ್ಲದೆ ನಾವು ಕೊಡುವ ಹಾಗಿಲ್ಲ, ನೀವೂ ಕೇಳಬೇಡಿ.

ಕನ್ನಡ ಬೇಕಾದರೆ ಈಗ ಕಿಟಕಿ ಹುಡುಕಬೇಕಿಲ್ಲ. ಪ್ರಸಾರ ಭಾರತಿಯ 'ನ್ಯೂಸ್ ಆನ್ ಏರ್' ಆ್ಯಪ್ ಹಾಕಿಕೊಳ್ಳಿ. ಧಾರವಾಡ, ಬೆಂಗಳೂರು, ಮಂಗಳೂರು ಎಲ್ಲ ನೇರ ಬರುತ್ತವೆ. ಬೇಗ ಊಟ ಮುಗಿಸಿ, ಒಂಬತ್ತು ಗಂಟೆಯಿಂದಲೇ ಹಚ್ಚಿಡಿ. ನಮ್ಮ ಮನೆಯಲ್ಲೂ ಈಗ ಹಾಗೇ. ಆ್ಯಪಿನಲ್ಲಿ ಧಾರವಾಡ ಗೊರಗೊರ ಇಲ್ಲದೆ ಬರುತ್ತದೆ. ಅವ್ವ ಮಂಚದ ಮೇಲೆ ಕೂತು, ಸಣ್ಣ ಕನ್ನಡಿ ಹಿಡಿದು, ಒಂದೊಂದೇ ಪಾದ ದೀಪಕ್ಕೆ ತಿರುಗಿಸಿ ನೋಡಿಕೊಳ್ಳುತ್ತಾಳೆ.