ಮರವಿಲ್ಲದ ಬಯಲಿನಲ್ಲಿ ಹ್ಯಾಮಕ್ (ಎರಡು ತುದಿ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆ) ಕಟ್ಟಲು ಬೇಕಾದ ಸ್ಟ್ಯಾಂಡನ್ನು ಮನೆಯಲ್ಲೇ ಮಾಡಿಕೊಂಡು ಕಾರಿನಲ್ಲಿ ಒಯ್ಯಬಹುದೇ?

ಒಯ್ಯಬಹುದು. ಆದರೆ ಎರಡು ಕಂಬಗಳನ್ನು ನಿಲ್ಲಿಸಿ, ಹಗ್ಗದಿಂದ ಹಿಂದಕ್ಕೆಳೆದು ಗೂಟಕ್ಕೆ ಬಿಗಿಯುವ ನಿಮ್ಮ ಯೋಜನೆಯನ್ನು ದಯವಿಟ್ಟು ಕೈಬಿಡಿ. ನಾನೂ ಮೊದಲು ಹಾಗೆಯೇ ಮಾಡಿದ್ದೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದು ಬಯಲಾದ ದಂಡೆಯಲ್ಲಿ, ಸಂಜೆಯ ಒಂದೇ ಮಳೆಗೆ ಮಣ್ಣು ಸಡಿಲಗೊಂಡು ಗೂಟ ಕಿತ್ತುಬಂದಿತು. ನಾನೂ ನೆಲಕ್ಕೆ ಬಂದೆ.

ಹ್ಯಾಮಕ್ಕಿನ ತುದಿಗಳನ್ನು ಕಟ್ಟುವ ಪಟ್ಟಿಗಳು 30 ಡಿಗ್ರಿ ಇಳಿಜಾರಿನಲ್ಲಿದ್ದರೆ, 80 ಕೆ.ಜಿ. ತೂಕದವರು ಮಲಗಿದಾಗ ಒಂದೊಂದು ಪಟ್ಟಿಯ ಮೇಲೂ ಸುಮಾರು 80 ಕೆ.ಜಿ.ಯಷ್ಟೇ ಸೆಳೆತ ಬೀಳುತ್ತದೆ. ಅದನ್ನೇ 15 ಡಿಗ್ರಿಗೆ ಬಿಗಿದರೆ ಸೆಳೆತ 150 ಕೆ.ಜಿ. ದಾಟುತ್ತದೆ. ಇದರ ಬಹುಪಾಲು ಎರಡು ತುದಿಗಳನ್ನು ಒಳಕ್ಕೆ ಎಳೆಯುವ ಸೆಳೆತ. ಅದನ್ನು ಗೂಟಗಳಿಗೆ ಬಿಡುವ ಬದಲು ಮೇಲೆ ಅಡ್ಡಲಾಗಿ ಇಟ್ಟ ಪೈಪಿಗೆ ವಹಿಸಿದರೆ, ಎರಡೂ ಬದಿಯ ಸೆಳೆತ ಪೈಪಿನಲ್ಲೇ ತೀರಿಹೋಗಿ, ಅದನ್ನು ಹೊತ್ತ ಎರಡು ಮುಕ್ಕಾಲಿಗಳಿಗೆ ಮಲಗಿದವರ ತೂಕದಲ್ಲಿ ತಲಾ 40 ಕೆ.ಜಿ. ಮಾತ್ರ ಬರುತ್ತದೆ.

ನನ್ನ ಹ್ಯಾಮಕ್ 11 ಅಡಿಯದು. ಅದರ ತುದಿಗಳ ನಡುವೆ 9 ಅಡಿಯಷ್ಟು ಅಂತರವಿದ್ದರೆ ತುಸು ಓರೆಯಾಗಿ ಮಲಗಿದಾಗ ಬೆನ್ನು ಬಾಗುವುದಿಲ್ಲವಾದ್ದರಿಂದ, ಹತ್ತೂವರೆ ಅಡಿಯ ಪೈಪ್ ಸಾಕಾಯಿತು. ಒಂದೂಕಾಲು ಇಂಚಿನ ‘ಬಿ ಕ್ಲಾಸ್’ (ಮಧ್ಯಮ ದಪ್ಪದ) ಜಿ.ಐ. ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು, ಮೂರೂವರೆ ಅಡಿಯ ಮೂರು ತುಂಡುಗಳಾಗಿ ಕೊಯ್ಸಿ, ಪ್ರತಿ ಕೂಡಿಕೆಯೊಳಗೆ ಒಂದಿಂಚಿನ ಪೈಪಿನ ಒಂದೂವರೆ ಅಡಿ ತುಂಡನ್ನು ತೂರಿಸಿ ಬೋಲ್ಟ್ ಹಾಕಿದ್ದೇನೆ. ಒಳಪೈಪ್ ತುಸು ಸಡಿಲವಾಗಿರುತ್ತದೆ; ತೆಳು ತಗಡು ಸುತ್ತಿದರೆ ಸರಿಹೋಗುತ್ತದೆ. ಎರಡೇ ತುಂಡು ಮಾಡಿದರೆ ಕೆಲಸ ಕಡಿಮೆ ಎನ್ನಿಸಬಹುದು, ಆದರೆ ಆಗ ಕೂಡಿಕೆ ನಟ್ಟನಡುವೆ, ಪೈಪ್ ಬಾಗಲು ಹವಣಿಸುವ ಜಾಗದಲ್ಲಿಯೇ ಬರುತ್ತದೆ. ಪಟ್ಟಿಯನ್ನು ಮುಕ್ಕಾಲಿಗೆ ಕಟ್ಟದೆ ಪೈಪಿನ ತುದಿಗೇ ಕಟ್ಟಿ, ಅದು ಒಳಕ್ಕೆ ಜಾರದಂತೆ ಅಡ್ಡ ಬೋಲ್ಟ್ ಇಡಿ. ನೈಲಾನ್ ಪಟ್ಟಿ ರಾತ್ರಿಯೆಲ್ಲ ಹಿಗ್ಗುತ್ತದೆ, ಪಾಲಿಯೆಸ್ಟರ್ ಮೇಲು.

ಎರಡೂ ಮುಕ್ಕಾಲಿಗಳಿಗೆ ಸೇರಿ ಗಟ್ಟಿ ಬಿದಿರಿನ ಆರಡಿಯ ಆರು ಗಳಗಳು ಸಾಕು. ಹಿಂದಿನ ಸೀಟು ಮಡಚಿದರೆ ಅವು ನನ್ನ ಸಣ್ಣ ಕಾರಿನಲ್ಲಿಯೂ ಓರೆಯಾಗಿ ಹಿಡಿಸುತ್ತವೆ. ಪೈಪ್ ಐದು ಅಡಿ ಎತ್ತರದಲ್ಲಿ ಕೂರುವಂತೆ ಕಾಲುಗಳನ್ನು ಅಗಲಿಸಿ, ಅವು ಇನ್ನಷ್ಟು ಜಾರದಂತೆ ಮೂರನ್ನೂ ಬುಡದ ಬಳಿ ಹಗ್ಗದಿಂದ ಸುತ್ತಿ ಕಟ್ಟಬೇಕು. ಈ ಹಗ್ಗವನ್ನು ಮರೆತರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ಕೂಡಿಕೆಗಳೂ ಸೇರಿ ಸುಮಾರು 12 ಕೆ.ಜಿ. ತೂಗುವ ಆ ಪೈಪ್ ಮಲಗಿದವರ ಮುಖದ ನೇರಕ್ಕೇ ಇರುವುದರಿಂದ, ಅದನ್ನು ಮುಕ್ಕಾಲಿಯ ಮೇಲೆ ಸುಮ್ಮನೆ ಇಡದೆ ಎರಡೂ ಕಡೆ ಬಿಗಿಯಾಗಿ ಕಟ್ಟಿ, ಮೊದಲು ಮೆಲ್ಲಗೆ ಕುಳಿತು ನೋಡಿದ ಮೇಲೆಯೇ ಕಾಲು ಚಾಚಿ.